ತನ್ನೂರಿನಲ್ಲಿ ಬೆಂದ ನಾರು

ಹದಿನಾಲ್ಕು.

ವಿದಾದ್ ತಕ್ಕಡಿಯ ಗಾಜಿನ ಬಾಗಿಲು ಸರಿಸಿ, ಎಣ್ಣೆ ಕುಡಿದು ಕಪ್ಪು ಮುದ್ದೆಯಾಗಿದ್ದ ನಾರನ್ನು ಇಕ್ಕಳದಲ್ಲಿ ಎತ್ತಿದಳು. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾದು ಮತ್ತೆ ಇಟ್ಟಳು. ಮತ್ತೆ ಹದಿನಾಲ್ಕು. ಅಂದರೆ ಈ ಚಿಟಿಕೆ ನಾರು ನೀರಿನ ಮೇಲಿಂದ ತನ್ನ ತೂಕದ ಹದಿನಾಲ್ಕು ಪಟ್ಟು ಕಚ್ಚಾ ಎಣ್ಣೆ ಹೀರಿಕೊಂಡಿತ್ತು. ಖುಷಿಪಡಬೇಕಾದ ಸಂಗತಿಯೇ. ಆದರೆ ಹದಿನಾಲ್ಕು ಬರಬೇಕಾಗಿದ್ದುದು ಒಂದನೇ ಡಬ್ಬಿಯ ನಾರಿಗೆ; ಅವಳ ಮುಂದಿದ್ದುದು ಎರಡನೆಯದು.

ಒಂದನೆಯದನ್ನು ಬೆಳಿಗ್ಗೆಯೇ ತೂಗಿ ಆಗಿತ್ತು. ಎಂಟರ ಮೇಲೆ ಹೋಗಿರಲಿಲ್ಲ. ಒಂದನೆಯದು ಆಮ್ಲದಲ್ಲಿ ನೆನೆದ ನಾರು. ಎರಡನೆಯದನ್ನು ಬರೀ ಕ್ಷಾರದಲ್ಲಿ ತೊಳೆದು, ಹೋಲಿಸಿ ನೋಡುವುದಕ್ಕೆಂದು ಇಟ್ಟಿದ್ದರು. ಅದಕ್ಕೆ ಆಮ್ಲದ ಸೋಂಕೂ ಇರಲಿಲ್ಲ. ಇರಬಾರದಾಗಿತ್ತು.

ಇರಾಕಿನ ಬಸ್ರಾದ ಆ ಕಾಲೇಜಿನ ಪ್ರಯೋಗಾಲಯದಲ್ಲಿ ಅವಳು ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಅಲ್ಲೇ ವಿದ್ಯಾರ್ಥಿನಿಯಾಗಿದ್ದವಳ ಓದು ಎರಡನೇ ವರ್ಷಕ್ಕೇ ನಿಂತಿತ್ತು. ದಿಗ್ಬಂಧನದ ಆ ಹಸಿವಿನ ದಿನಗಳಲ್ಲಿ ಅವಳ ಪುಸ್ತಕಕ್ಕಿಂತ ಹೊಲಿಗೆ ಯಂತ್ರ ಮನೆಗೆ ಹೆಚ್ಚು ಬೇಕಾಗಿತ್ತು. ಆಮೇಲೆ ಸೀಸೆ ತೊಳೆಯುವವಳಾಗಿ ಅದೇ ಬಾಗಿಲಿನಿಂದ ಒಳಗೆ ಬಂದಳು. ತೊಳೆಯುತ್ತಾ ತೊಳೆಯುತ್ತಾ ತೂಗುವುದು, ಅಳೆಯುವುದು, ದಪ್ಪ ರಿಜಿಸ್ಟರಿನಲ್ಲಿ ಬರೆದಿಡುವುದು ಎಲ್ಲವೂ ಅವಳ ಪಾಲಿಗೆ ಬಂತು. ಅವಳ ಅಂಕಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ನಾರಿನ ಕೆಲಸ ಅಲ್ಲಿನ ಪ್ರಾಧ್ಯಾಪಕಿ ದೊಕ್ತೋರಾ ಇಬ್ತಿಹಾಲರದು. ವಿದಾದ್‌ಗಿಂತ ಹತ್ತು ವರ್ಷ ಚಿಕ್ಕವರು, ನಿಂತಲ್ಲಿ ನಿಲ್ಲದ ಹೆಂಗಸು. ವಸಂತದಲ್ಲಿ ಖರ್ಜೂರದ ಮರಗಳನ್ನು ಸವರುವಾಗ ಗರಿಬುಡದ ನಾರನ್ನು ಕಿತ್ತು ರಾಶಿ ಹಾಕುತ್ತಾರೆ. ಒಂದಿಷ್ಟು ಮೈ ಉಜ್ಜಲು ಸ್ನಾನದ ಮನೆಗೆ ಹೋಗುತ್ತದೆ, ಮಿಕ್ಕಿದ್ದಕ್ಕೆಲ್ಲ ಬೆಂಕಿ. ಹಸಿ ನಾರು ನೀರನ್ನೂ ಕುಡಿಯುತ್ತದೆ, ಎಣ್ಣೆಯನ್ನೂ ಕುಡಿಯುತ್ತದೆ, ಕುಡಿದು ಮುಳುಗುತ್ತದೆ. ಕ್ಷಾರದಲ್ಲಿ ತೊಳೆದು, ಮೂಗು ಕೊರೆಯುವ ವಿನಿಗರ್ ವಾಸನೆಯ ಆಮ್ಲದಲ್ಲಿ ನೆನೆಸಿ ಕಾಯಿಸಿದರೆ ಅದರ ಗುಣವೇ ಬದಲಾಗುತ್ತದೆ. ನೀರನ್ನು ದೂರವಿಟ್ಟು ಎಣ್ಣೆಯನ್ನಷ್ಟೇ ಹಿಡಿಯುತ್ತದೆ. ದೊಕ್ತೋರಾ ಮೂರು ವರ್ಷದಿಂದ ಇದರ ಹಿಂದೆ ಬಿದ್ದಿದ್ದರು. ಆ ಆಮ್ಲ ತರಿಸಬೇಕೆಂದರೆ ನಾಲ್ಕು ಕಚೇರಿಗಳ ಸಹಿ ಬೇಕು. ಇದ್ದ ಕೊನೆಯ ಸೀಸೆ ಈ ಒಂದನೇ ತಟ್ಟೆಗೆ ಖರ್ಚಾಗಿತ್ತು.

ಗೊಂದಲ ಎಲ್ಲಿ ಶುರುವಾಯಿತೆಂದು ವಿದಾದ್‌ಗೆ ಗೊತ್ತಿತ್ತು. ಹೋದ ವಾರ ನಾಲ್ಕು ದಿನ ಕಾಲೇಜಿಗೆ ಕರೆಂಟಿರಲಿಲ್ಲ, ಕಾಯಿಸುವ ಪೆಟ್ಟಿಗೆ ತಣ್ಣಗೆ ಕೂತಿತ್ತು. ನೆನೆದ ನಾರು ಹಾಳಾಗಬಾರದೆಂದು ಅವಳು ಎರಡೂ ತಟ್ಟೆಗಳನ್ನು ಬಟ್ಟೆ ಸುತ್ತಿ, ಅಬು ಅಲ್ ಖಸೀಬ್ ಊರಿನ ತನ್ನ ಮನೆಗೆ ಒಯ್ದಿದ್ದಳು. ರೊಟ್ಟಿ ಸುಟ್ಟಾದ ಮೇಲೆ ತನ್ನೂರು ಎಂಬ ಮಣ್ಣಿನ ಒಲೆಯ ಬಿಸಿಯಲ್ಲಿ ಇಟ್ಟು ಒಣಗಿಸಿಕೊಡಿ ಎಂದು ಅತ್ತೆ ಖೈರಿಯಾಗೆ ಹೇಳಿ, ತಾನು ಕಾಲೇಜಿಗೆ ಹೋಗಿಬಿಟ್ಟಿದ್ದಳು. ತಟ್ಟೆಗಳಿಗೆ ಚೀಟಿ ಅಂಟಿಸಿತ್ತಲ್ಲ, ಇನ್ನೇನು ಎಂದುಕೊಂಡಿದ್ದಳು. ಒಣಗಿದ ಮೇಲೆ ಆ ಚೀಟಿ ನೋಡಿಯೇ ನಾರನ್ನು ಒಂದನೇ, ಎರಡನೇ ಡಬ್ಬಿಗೆ ತುಂಬಿದ್ದಳು.

ಹದಿನಾಲ್ಕು ಬಂದ ಆ ಸಂಜೆ ಮನೆಗೆ ಬಂದವಳೇ ಮೇಲೆ ಹೊದೆದ ಅಬಾಯಾ ಕೂಡ ತೆಗೆಯದೆ ಅತ್ತೆಯ ಮುಂದೆ ಕೂತಳು. ಖೈರಿಯಾ ಮೀನು ಕೊಯ್ಯುತ್ತಿದ್ದಳು.

"ಅಮ್ಮಾ, ಅವತ್ತು ತಟ್ಟೆ ಒಲೇಲಿಟ್ರಲ್ಲ, ಅದರ ಚೀಟಿ ಏನ್ಮಾಡಿದ್ರಿ?"

"ಯಾವ ಚೀಟಿ?"

"ಅಂಚಿಗೆ ಅಂಟಿಸಿದ್ನಲ್ಲ, ನೀಲಿ ಅಕ್ಷರದ್ದು."

"ಓ, ಅದಾ! ಕಾಗ್ದ ಅಲ್ವಾ, ಸುಟ್ಟು ಹೋಗ್ತಿತ್ತು. ಕಿತ್ತು ಜೇಬಿಗೆ ಹಾಕ್ಕೊಂಡೆ. ಆಮೇಲೆ ವಾಪಸ್ ಅಂಟಿಸ್ದೆ. ನಿನ್ನ ಕಾಗ್ದ ನಾನೇನು ತಿಂದ್ಬಿಡ್ತೀನಾ?"

"ಯಾವುದನ್ನ ಯಾವುದಕ್ಕೆ ಅಂಟಿಸಿದ್ರಿ?"

"ಇದನ್ನ ಇದಕ್ಕೆ, ಅದನ್ನ ಅದಕ್ಕೆ."

"ನಿಮಗೆ ಓದೋಕೆ ಬರಲ್ವಲ್ಲಾ ಅಮ್ಮಾ!"

"ಓದೋದೇನಿದೆ? ಒಂದರಲ್ಲಿ ಬರೀ ಕೋಲು, ಇನ್ನೊಂದರಲ್ಲಿ ಕೋಲಿಗೆ ಕೊಕ್ಕೆ. ಅಷ್ಟೂ ಕಾಣಲ್ವಾ ನಂಗೆ? ಕೋಲಿನದು ಗೋಡೆ ಕಡೆ ತಟ್ಟೆಗೆ." ಅರಬ್ಬಿ ಬರಹದಲ್ಲಿ ಒಂದರ ಅಂಕಿ ಬರೀ ಕೋಲು, ಎರಡರದಕ್ಕೆ ತುದಿಯಲ್ಲಿ ಕೊಕ್ಕೆ.

"ಮೊದಲಿಂದಾನೂ ಅದು ಗೋಡೆ ಕಡೇನೇ ಇತ್ತಾ?"

ಖೈರಿಯಾ ಚಾಕು ನಿಲ್ಲಿಸಿ ಯೋಚಿಸಿದಳು. "ಒಲೆಯಿಂದ ತೆಗ್ದ ಮೇಲೆ ಗೋಡೆ ಕಡೆ. ಒಳಗೆ ಹಾಕೋವಾಗ... ಬಾಗಿಲ ಕಡೆ ಇತ್ತೇನೋ. ಇಲ್ಲ, ಅದು ಕೊಕ್ಕೆದು. ಅಲ್ಲ, ತಡಿ, ಎರಡನ್ನೂ ಒಟ್ಟಿಗೆ ಇಟ್ಟಿದ್ನಲ್ಲ, ಒಂದರ ಮೇಲೊಂದು."

"ಒಟ್ಟಿಗಾ? ಮೇಲೆ ಮುಚ್ಚಳ ಇತ್ತಾ?"

"ಮುಚ್ಚದೇ ಇರ್ತೀನಾ? ಬಿಸಿ ಹೋಗ್ಬಾರ್ದಲ್ಲ. ನಿನ್ನ ನಾರಿಂದ ಎರಡು ದಿನ ನಮ್ಮ ರೊಟ್ಟಿಯೆಲ್ಲ ಉಪ್ಪಿನಕಾಯಿ ವಾಸನೆ ಹೊಡೀತು, ನಿನ್ನ ಗಂಡ ಮುಟ್ಲೇ ಇಲ್ಲ. ಹಾಂ, ಇನ್ನೊಂದು. ಒಂದು ತಟ್ಟೆ ತೆಗೆಯೋವಾಗ ಸ್ವಲ್ಪ ಬೂದೀಲಿ ಚೆಲ್ತು. ನಿಂಗೆ ಕಡಿಮೆ ಬೀಳ್ಬಾರ್ದು ಅಂತ ಸ್ನಾನದ ಮನೆ ನಾರು ಒಂದು ಹಿಡಿ ತುಂಬಿಸ್ದೆ."

"ಯಾವ ತಟ್ಟೆಗೆ?"

"ಚೆಲ್ಲಿದ್ದಕ್ಕೆ."

ವಿದಾದ್ ತಲೆ ಹಿಡಿದುಕೊಂಡಳು. ಚೀಟಿಗಳು ಅದಲುಬದಲಾಗಿದ್ದರೆ ಎಲ್ಲ ಸರಿ, ಹದಿನಾಲ್ಕು ಆಮ್ಲದ ನಾರಿನದೇ. ಆಗಿರದಿದ್ದರೆ? ಮುಚ್ಚಳದಡಿ ಒಂದು ತಟ್ಟೆಯ ಆಮ್ಲದ ಹಬೆ ಇನ್ನೊಂದಕ್ಕೆ ಹತ್ತಿತೆ? ಹಾಗಾದರೆ ಆಮ್ಲದ್ದೇ ಏಕೆ ಕಡಿಮೆ ಬಂತು? ಅಥವಾ ಒಲೆಯ ಬಿಸಿಯೇ ಏನಾದರೂ ಮಾಡಿತೆ? ಸ್ನಾನದ ಮನೆಯ ಹಳೇ ಸಾಬೂನು ಕುಡಿದ ನಾರು ಎಲ್ಲಿ ಸೇರಿತು? ಒಂದು ಎಳೆ ಹಿಡಿದರೆ ಇನ್ನೊಂದು ಸಿಕ್ಕಾಗುತ್ತಿತ್ತು.

ಮರುದಿನ ಎಲ್ಲ ಹೇಳಿಬಿಡಬೇಕೆಂದೇ ಹೋದಳು. ದೊಕ್ತೋರಾ ಬಾಗಿಲಲ್ಲೇ ಕಾಯುತ್ತಿದ್ದರು.

"ಉಮ್ಮ್ ಸಾಬಿರ್, ಬೇಗ ಹೇಳಿ. ಒಂದನೇದು ಎಷ್ಟು ಬಂತು?"

ಸಾಬಿರನ ತಾಯಿ ಎಂದು ಮಗನ ಹೆಸರು ಹಿಡಿದು ಕರೆಯುವ ಆ ಗೌರವದ ದನಿ ಕೇಳಿದ್ದೇ ವಿದಾದ್‌ಗೆ ಏನಾಯಿತೋ. "ಹದಿನಾಲ್ಕು" ಎಂದು ಬಾಯಿ ಹೇಳಿಬಿಟ್ಟಿತು.

"ಎರಡನೇದು?"

"ಎಂಟು."

ದೊಕ್ತೋರಾ ಅವಳನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟರು. ಆ ಸಂಜೆಯೇ ಅಂಕಿಗಳು ಬಗ್ದಾದಿನ ವಿದ್ವಾಂಸರ ಸಭೆಗೆ ಹೋದವು. ವಿದಾದ್ ರಿಜಿಸ್ಟರಿನಲ್ಲೂ ಹಾಗೆಯೇ ಬರೆದಳು. ಸುಳ್ಳು ಬರೆದೆನೋ, ತಪ್ಪು ಚೀಟಿಯನ್ನು ಸರಿಪಡಿಸಿದೆನೋ ಅವಳಿಗೇ ತಿಳಿಯಲಿಲ್ಲ. ಸುಳ್ಳೆಂದು ಖಚಿತವಾಗಿದ್ದರೆ ಅಳಬಹುದಿತ್ತು, ನಿಜವೆಂದು ಖಚಿತವಾಗಿದ್ದರೆ ನಿದ್ದೆ ಮಾಡಬಹುದಿತ್ತು.

ಮೂರು ವಾರ ಹೀಗೇ ಕಳೆಯಿತು. ಒಂದು ಬೆಳಿಗ್ಗೆ, ಹೆಣ್ಣುಮರಗಳ ಹೂಗೊಂಚಲಿಗೆ ಗಂಡುಹೂವಿನ ಪುಡಿ ಉದುರಿಸಲು ಮರ ಹತ್ತಿದ್ದ ಅವಳ ಗಂಡ ಫಾಲಿಹ್ ಮೇಲಿಂದಲೇ ಕೂಗಿಕೊಂಡ.

"ವಿದಾದ್! ಕಾಲುವೆ ನೋಡು! ಕಾಲುವೆಗೇನಾಯ್ತು ನೋಡೇ!"

ಅವಳಿಗೆ ಮೊದಲು ಹತ್ತಿದ್ದು ವಾಸನೆ. ಓಡಿ ಹೋದರೆ, ನದಿಯಿಂದ ಉಬ್ಬರದ ನೀರು ಎಂದಿನಂತೆ ಕಾಲುವೆಗೆ ಏರುತ್ತಿತ್ತು, ಅದರ ಮೇಲೆ ಕಂದುಗಪ್ಪಿನ ದಪ್ಪ ಕೆನೆ. ಕೆನೆಯ ಅಂಚಿನಲ್ಲಿ ಏಳೆಂಟು ಬಣ್ಣ. ನೀರು ಸಣ್ಣ ತೋಡುಗಳಿಗೆ ನುಗ್ಗಿ ಮರಗಳ ಬುಡದ ಕಡೆ ಹೊರಟಿತ್ತು. ಈ ತೋಟಗಳಿಗೆ ನೀರೆತ್ತುವ ಯಂತ್ರವಿಲ್ಲ, ದಿನಕ್ಕೆರಡು ಸಲ ನದಿಯೇ ಬಂದು ನೀರುಣಿಸಿ ಹೋಗುತ್ತದೆ. ಖೈರಿಯಾಳ ಬಾತುಕೋಳಿಗಳು ನಡುನೀರಿನಲ್ಲಿ ರೆಕ್ಕೆ ಬಡಿಯಲಾಗದೆ ಗಿರಗಿರನೆ ಸುತ್ತುತ್ತಿದ್ದವು.

ಎಣ್ಣೆ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ದೋಣಿಯದು ಅಂದರು ಒಬ್ಬರು, ಕೊಳವೆ ಒಡೆದಿದೆ ಅಂದರು ಇನ್ನೊಬ್ಬರು. ಇಬ್ಬರು ಅಧಿಕಾರಿಗಳು ಬಂದು, ಮೂಗು ಮುಚ್ಚಿಕೊಂಡು ಫೋಟೊ ತೆಗೆದು, ಚಹಾ ಕುಡಿದು ಹೋದರು. ಗಂಡಸರು ತೋಡಿನ ಬಾಯಿಗಳಿಗೆ ಮಣ್ಣು ಹಾಕಿದರು. ವಿದಾದ್ ದೊಕ್ತೋರಾಗೆ ಫೋನ್ ಮಾಡಿದಳು.

ದೊಕ್ತೋರಾ ಮಧ್ಯಾಹ್ನದೊಳಗೆ ಬಂದರು, ಹೋದ ವರ್ಷ ಮಾಡಿಟ್ಟಿದ್ದ ಆಮ್ಲದ ನಾರಿನ ಒಂದೇ ಒಂದು ಮೂಟೆಯೊಂದಿಗೆ. ಮೀನಿನ ಬಲೆಯ ತುಂಡಿನಲ್ಲಿ ಕಟ್ಟಿ ಕಾಲುವೆಗೆ ಬಿಟ್ಟರೆ ನೋಡನೋಡುತ್ತಿದ್ದಂತೆ ಅದು ಕಪ್ಪಾಯಿತು, ಸುತ್ತಲಿನ ನೀರು ತಿಳಿಯಾಯಿತು. ದಂಡೆಯಲ್ಲಿ ನಿಂತವರೆಲ್ಲ "ಅಲ್ಲಾಹು ಅಕ್ಬರ್!" ಅಂದರು. ಅರ್ಧ ಗಂಟೆಯಲ್ಲಿ ಮೂಟೆ ಖಾಲಿ. ತಿಳಿಯಾದ ಜಾಗ ಒಂದು ಚಾಪೆಯಗಲ. ಮತ್ತೆ ಎಣ್ಣೆ ಬಂದು ಅದನ್ನೂ ಮುಚ್ಚಿತು.

"ಇನ್ನೂ ತರ್ಸಿ ದೊಕ್ತೋರಾ," ಎಂದ ಫಾಲಿಹ್. "ನಾರು ಎಷ್ಟು ಬೇಕು ಹೇಳಿ, ಗುಡ್ಡೆ ಗುಡ್ಡೆ ಬಿದ್ದಿದೆ."

"ನಾರಿದೆ ಅಬು ಸಾಬಿರ್, ಆಮ್ಲ ಇಲ್ಲ. ಸಹಿ ಆಗಿ ಬರೋಕೆ ಮೂರು ತಿಂಗಳು. ಆಮ್ಲ ಇಲ್ದೆ ಇದು ನೀರು ಕುಡಿದು ಮುಳುಗೋ ಕಸ ಅಷ್ಟೇ."

ವಿದಾದ್ ಮುಂದೆ ಬಂದಳು. ಹೇಳಿದರೆ ಏನು, ಹೇಳದಿದ್ದರೆ ಏನು ಎಂದು ತೂಗುವಷ್ಟು ಹೊತ್ತಿರಲಿಲ್ಲ.

"ದೊಕ್ತೋರಾ," ಎಂದಳು. "ಆಮ್ಲ ಬೇಡ್ವೇನೋ."

"ಏನಂದ್ರಿ?"

"ಹದಿನಾಲ್ಕು ಬಂದಿದ್ದು ಎರಡು ಅಂತ ಚೀಟಿ ಇದ್ದ ಡಬ್ಬಿಗೆ. ಒಂದನೇದಕ್ಕೆ ಬಂದಿದ್ದು ಎಂಟು. ನಾನು ತಿರುಗಿಸಿ ಬರ್ದೆ. ಕರೆಂಟ್ ಇರ್ಲಿಲ್ಲ, ತಟ್ಟೆಗಳನ್ನ ಮನೇಲಿ ತನ್ನೂರಿಗೆ ಹಾಕಿಸಿದ್ದೆ. ಅಮ್ಮ ಚೀಟಿ ಕಿತ್ತು ಮತ್ತೆ ಅಂಟಿಸಿದ್ರು. ಅದಲುಬದಲಾಗಿದೆಯೋ, ಒಲೆಯಿಂದ ಹೀಗಾಯ್ತೋ ನಂಗೆ ಗೊತ್ತಿಲ್ಲ. ಸತ್ಯವಾಗ್ಲೂ ಗೊತ್ತಿಲ್ಲ."

ದೊಕ್ತೋರಾರ ಮುಖಕ್ಕೆ ಕತ್ತಿನಿಂದ ಮೇಲಕ್ಕೆ ಕೆಂಪೇರಿತು.

"ನಾನು ಅದನ್ನ ಬಗ್ದಾದಿಗೆ ಕಳಿಸಿದೀನಿ, ಉಮ್ಮ್ ಸಾಬಿರ್."

"ಗೊತ್ತು."

"ನನ್ನ ಹೆಸರು ಹಾಕಿ ಕಳಿಸಿದೀನಿ. ಮೂರು ವಾರದಿಂದ ದಿನಾ ನನ್ನ ಮುಖ ನೋಡಿ ಚಹಾ ಕೊಟ್ರಲ್ಲ! ಒಂದು ದಿನ ಬಾಯಿ ಬಿಡೋಕೆ ಆಗ್ಲಿಲ್ವಾ?"

ಅಷ್ಟರಲ್ಲಿ ಎಣ್ಣೆ ಮೆತ್ತಿದ ಬಾತುಕೋಳಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಖೈರಿಯಾ ಮಧ್ಯೆ ಬಂದಳು. "ನೋಡಿ ಕಣ್ಣೇ, ಜಗಳ ಆಮೇಲೂ ಆಡಬಹುದು, ಬೇಕಾದ್ರೆ ನನ್ನ ಜೊತೇನೂ ಆಡಿ, ಚೀಟಿ ಅಂಟಿಸಿದೋಳು ನಾನೇ. ಸಂಜೆ ಮತ್ತೆ ಉಬ್ಬರ ಬರತ್ತೆ. ಒಲೆ ಹಚ್ಲಾ ಬೇಡ್ವಾ, ಅದು ಹೇಳಿ."

ದೊಕ್ತೋರಾ ಬಾತುಕೋಳಿಯನ್ನು ನೋಡಿದರು, ಕಾಲುವೆಯನ್ನು ನೋಡಿದರು. "ಹಚ್ಚಿ" ಎಂದರು.

ಅಂಗಳದಲ್ಲಿ ಬಟ್ಟೆ ಒಗೆಯುವ ನಾಲ್ಕು ಬೋಗುಣಿಗಳಿಗೆ ಕಾಲುವೆಯ ನೀರು ತುಂಬಿದರು, ಎಣ್ಣೆ ಸಮೇತ. ಒಂದಕ್ಕೆ ಹಸಿ ನಾರು ಹಾಕಿದರು, ಅದು ಹತ್ತು ನಿಮಿಷದಲ್ಲಿ ತಳ ಕಂಡಿತು. ತನ್ನೂರಿಗೆ ಹಾಕಿದ ಮೊದಲ ತಟ್ಟೆ ಭಗ್ಗೆಂದು ಹೊತ್ತಿಕೊಂಡು ಬೂದಿಯಾಯಿತು. ಎರಡನೆಯದನ್ನು ಹೆದರಿ ಬೇಗ ತೆಗೆದರು, ಅದೂ ಮುಳುಗಿತು. ದೊಕ್ತೋರಾ ಕೈಗಡಿಯಾರ ನೋಡುತ್ತಾ ತುಟಿ ಕಚ್ಚಿಕೊಂಡಿದ್ದರು, ವಿದಾದ್ ಕಡೆ ತಿರುಗಿಯೂ ನೋಡಲಿಲ್ಲ. ಮೂರನೇ ತಟ್ಟೆಗೆ ಖೈರಿಯಾ ಮುಚ್ಚಳ ಮುಚ್ಚಿ, ಮುಚ್ಚಳದ ಸುತ್ತ ಹಸಿಮಣ್ಣು ಮೆತ್ತಿ, ಕೆಂಡವನ್ನು ಪಕ್ಕಕ್ಕೆಳೆದು ಇಟ್ಟಳು. ತೆಗೆದಾಗ ನಾರು ಹುರಿದ ಕಾಫಿಬೀಜದ ಬಣ್ಣಕ್ಕೆ ಬಂದಿತ್ತು, ಹಿಡಿದರೆ ಗರಿಗರಿ.

ಅದನ್ನು ಬೋಗುಣಿಗೆ ಹಾಕಿದರು. ತೇಲಿತು. ಎಣ್ಣೆ ಅದರ ಕಡೆ ಸರಿದು ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಕಾಲು ಗಂಟೆಯಾದರೂ ಮುಳುಗಲಿಲ್ಲ. ಮೀನು ತೂಗುವ ತಕ್ಕಡಿ ತಂದು ದೊಕ್ತೋರಾ ತಾವೇ ತೂಗಿದರು.

"ಏಳು. ಏಳೂವರೆ ಇರಬಹುದು," ಎಂದರು, ಯಾರಿಗೋ ಎಂಬಂತೆ.

ಹದಿನಾಲ್ಕಲ್ಲ. ವಿದಾದ್‌ಗೆ ಇನ್ನಷ್ಟು ತಲೆ ಕೆಟ್ಟಿತು. ಹಾಗಾದರೆ ಒಲೆಯಿಂದ ಏಳು ಬರುತ್ತದೆ, ಹದಿನಾಲ್ಕು ಬಂದದ್ದು ಬೇರೆ ಯಾವುದರಿಂದಲೋ. ಹಾಗಾದರೆ ಚೀಟಿ ಬದಲಾಗಿತ್ತೆ? ತಾನು ಬರೆದದ್ದು ನಿಜವೇ ಆಗಿತ್ತೆ? ನಿಜವನ್ನೇ ಸುಳ್ಳೆಂದು ಊರ ಮುಂದೆ ಒಪ್ಪಿಕೊಂಡೆನೆ?

"ಏಳಾದ್ರೆ ಏಳು," ಎಂದಳು ಖೈರಿಯಾ. "ನಮ್ಮ ಓಣೀಲಿ ಆರು ಒಲೆ ಇವೆ."

ಮೂರು ದಿನ ಆ ಆರು ತನ್ನೂರುಗಳಲ್ಲಿ ರೊಟ್ಟಿ ಸುಡಲಿಲ್ಲ. ಮನೆಮನೆಯಲ್ಲೂ ಅನ್ನವೇ ಆಯಿತು. ಗಂಡಸರು ನಾರು ಹೊತ್ತು ತಂದರು, ಹೆಂಗಸರು ಬೇಯಿಸಿದರು. ಬೆಂದದ್ದನ್ನು ಹಳೇ ಬಲೆಗಳಲ್ಲಿ ತುಂಬಿ ಉದ್ದನೆಯ ದಿಂಬುಗಳಾಗಿ ಹೊಲಿದು, ಕಾಲುವೆಯ ಬಾಯಿಗೆ ಈ ದಂಡೆಯಿಂದ ಆ ದಂಡೆಗೆ ಕಟ್ಟಿದರು. ಉಬ್ಬರದ ನೀರು ಅದರಡಿ ನುಸುಳಿ ಬರುತ್ತಿತ್ತು, ಎಣ್ಣೆ ಬಹುಪಾಲು ಹೊರಗೇ ನಿಲ್ಲುತ್ತಿತ್ತು. ಒಳಗೆ ಸಿಕ್ಕಿಕೊಂಡ ಎಣ್ಣೆಗೆ ಬಿಡಿ ನಾರು ಎರಚಿ, ಕುಡಿದ ಮೇಲೆ ಜರಡಿಯಲ್ಲಿ ಬಾಚಿ ತೆಗೆದರು. ಪಕ್ಕದ ಮನೆಯ ಉಮ್ಮ್ ಜಲೀಲ್ ಇಡೀ ದಿನ ಮೊಣಕಾಲುದ್ದ ನೀರಿನಲ್ಲಿ ನಿಂತು, "ನನ್ನ ಮದುವೆಗೂ ಇಷ್ಟು ಕಾಡಿಗೆ ಹಚ್ಚಿರ್ಲಿಲ್ಲ ಕಣ್ರೇ" ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ದೊಕ್ತೋರಾ ದಿನವೂ ಬಂದರು, ತೋಳು ಮಡಚಿ ಕೆಲಸ ಮಾಡಿದರು, ಎಲ್ಲರೊಡನೆ ಮಾತಾಡಿದರು. ವಿದಾದ್ ಚಹಾ ಕೊಟ್ಟರೆ ತೆಗೆದುಕೊಂಡು ಕುಡಿದರು, ಅಷ್ಟೇ.

ಎಲ್ಲವೂ ಉಳಿಯಲಿಲ್ಲ. ಕಾಲುವೆಯ ಇಕ್ಕೆಲದ ಕೆಸರಿಗೆ ಕರಿಪಟ್ಟಿ ಬಿತ್ತು, ಖೈರಿಯಾಳ ಹತ್ತು ಬಾತುಕೋಳಿಗಳಲ್ಲಿ ಆರು ಸತ್ತವು, ಆ ವರ್ಷ ಅಲ್ಲಿ ಹಿಡಿದ ಸುಬೂರ್ ಮೀನು ಸೀಮೆಎಣ್ಣೆ ನಾರುತ್ತಿತ್ತೆಂದು ಯಾರೂ ತಿನ್ನಲಿಲ್ಲ. ಆದರೆ ಮರಗಳ ಬುಡಕ್ಕೆ ಹೋದ ಎಣ್ಣೆ ಸ್ವಲ್ಪವೇ; ಹೂಗೊಂಚಲುಗಳು ಕಾಯಿ ಕಚ್ಚಿದವು. ಎಣ್ಣೆ ಕುಡಿದ ನಾರಿನ ರಾಶಿ ಏನು ಮಾಡುವುದೆಂದು ತೋಚದೆ ಕೂತಿದ್ದಾಗ ಇಟ್ಟಿಗೆ ಭಟ್ಟಿಯವನೊಬ್ಬ ಲಾರಿ ತಂದು, ಒಳ್ಳೇ ಉರುವಲು ಎಂದು ಹೇರಿಕೊಂಡು ಹೋದ. ಆ ಹೊಗೆ ಯಾರ ಮನೆ ಮೇಲೆ ಹೋಯಿತೋ ಎಂಬ ಯೋಚನೆ ವಿದಾದ್‌ಗೆ ಬಂತು. ಯಾರನ್ನು ಕೇಳುವುದೆಂದು ತಿಳಿಯದೆ ಸುಮ್ಮನಾದಳು.

ಕಾಲೇಜಿನಲ್ಲಿ ಹನ್ನೆರಡು ದಿನ ಮಾತಿಲ್ಲ. ದೊಕ್ತೋರಾ ಬಗ್ದಾದಿಗೆ ಬರೆದು ಅಂಕಿಗಳನ್ನು ವಾಪಸು ಪಡೆದರೆಂದು ಗುಮಾಸ್ತನಿಂದ ತಿಳಿಯಿತು. ಕೆಲಸದಿಂದ ತೆಗೆಯುವ ಕಾಗದ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ವಿದಾದ್ ಕಾದಳು. ಬರಲಿಲ್ಲ. ಹದಿಮೂರನೇ ದಿನ ದೊಕ್ತೋರಾ ಒಂದು ಸಣ್ಣ ಸೀಸೆಯನ್ನು ಮೇಜಿನ ಮೇಲಿಟ್ಟರು. ಬೇರೆ ಊರಿನ ಗೆಳತಿಯ ಪ್ರಯೋಗಾಲಯದಿಂದ ಬೇಡಿ ತಂದ ಆಮ್ಲ.

"ಮೊದಲಿಂದ ಮಾಡೋಣ," ಎಂದರು. "ಬೇರೆ ಬೇರೆಯಾಗಿ ಒಂದು ಸಲ, ಒಂದೇ ಮುಚ್ಚಳದಡಿ ಒಂದು ಸಲ. ತೂಕ ನೀವು ಹಾಕಿ, ನಾನೂ ಹಾಕ್ತೀನಿ."

ಖೈರಿಯಾಳ ಒಲೆಯಲ್ಲೇ ಬೇರೆ ಬೇರೆಯಾಗಿ ಬೇಯಿಸಿದಾಗ ಆಮ್ಲದ ನಾರು ಹದಿಮೂರು ಕುಡಿಯಿತು, ಬರೀ ಕ್ಷಾರದ್ದು ಒಂಬತ್ತು. ವಿದಾದ್ ಉಸಿರು ಬಿಟ್ಟಳು: ಚೀಟಿಯೇ ಬದಲಾಗಿತ್ತು ಹಾಗಾದರೆ. ಒಂದೇ ಮುಚ್ಚಳದಡಿ ಬೇಯಿಸಿದಾಗ ಆಮ್ಲದ್ದು ಹತ್ತು, ಆಮ್ಲ ಮುಟ್ಟದ್ದು ಹನ್ನೆರಡು. ಮತ್ತೆ ತೂಗಿದರು. ಮತ್ತೆ ಅದೇ.

"ಹೀಗೆ ಹೇಗಾಗತ್ತೆ?" ಎಂದಳು ವಿದಾದ್.

"ಆಗಬಾರದು," ಎಂದರು ದೊಕ್ತೋರಾ. ಅವರ ಹಣೆಯಲ್ಲಿ ಗೆರೆ ಮೂಡಿತ್ತು, ಆದರೆ ದನಿಯಲ್ಲಿ ಸಿಟ್ಟಿರಲಿಲ್ಲ. "ಹಬೇನೇ ಇರಬೇಕು. ಆದ್ರೆ ಅದು ಮುಳುಗಿಸಿ ನೆನೆಸಿದ್ದಕ್ಕಿಂತ ಜಾಸ್ತಿ ಕೆಲಸ ಹೇಗೆ ಮಾಡತ್ತೆ? ಒಲೆ ಎಷ್ಟು ಬಿಸಿ ಇತ್ತು ಅನ್ನೋದೇ ನಮಗೆ ಗೊತ್ತಿಲ್ವಲ್ಲ."

ಹೀಗಾಗಿ ಆ ಶನಿವಾರ ದೊಕ್ತೋರಾ ಉದ್ದನೆಯ ಉಷ್ಣಮಾಪಕ ಹಿಡಿದು ಖೈರಿಯಾಳ ಅಂಗಳಕ್ಕೆ ಬಂದು ಕೂತರು. ಖೈರಿಯಾ ಒಲೆಯ ತಳದಲ್ಲಿ ನಾರಿನ ತಟ್ಟೆ ಇಟ್ಟು ರೊಟ್ಟಿ ಬಡಿಯುತ್ತಿದ್ದಳು.

"ಹಾಜಿಯಾ, ತಟ್ಟೆ ಎಷ್ಟು ಹೊತ್ತು ಒಳಗಿಡ್ತೀರಿ?"

"ಆಗೋವರ್ಗೂ."

"ಆಯ್ತು ಅಂತ ಹೇಗೆ ಗೊತ್ತಾಗತ್ತೆ?"

"ವಾಸನೆ ತಿರುಗತ್ತೆ ಕಣ್ಣೇ. ಮೊದ್ಲು ಹಸಿ ವಾಸನೆ, ಆಮೇಲೆ ಒದ್ದೆ ಹಗ್ಗದ ವಾಸನೆ, ಆಮೇಲೆ ತಿರುಗತ್ತೆ. ಆ ಗಾಜಿನ ಕಡ್ಡಿ ಒಲೆಗೆ ತೂರಿಸ್ಬೇಡಿ, ಒಡೆದ್ರೆ ರೊಟ್ಟೀಲಿ ಗಾಜು ಬರತ್ತೆ. ತಗೊಳ್ಳಿ, ಇದನ್ನ ಮೊದ್ಲು ತಿನ್ನಿ."

ಬಿಸಿ ರೊಟ್ಟಿ ಎರಡೂ ಕೈಗೆ ಬಿತ್ತು. ದೊಕ್ತೋರಾ ಮೊಣಕಾಲ ಮೇಲಿದ್ದ ಪುಸ್ತಕವನ್ನು ಮೊಣಕೈಯಿಂದ ವಿದಾದ್ ಕಡೆ ತಳ್ಳಿದರು. "ನೀವೇ ಬರ್ಕೊಳ್ಳಿ, ಉಮ್ಮ್ ಸಾಬಿರ್. ಬೇಗ, ಒದ್ದೆ ಹಗ್ಗ ಅಂದ್ರಲ್ಲ, ಅದನ್ನೂ ಬರೀರಿ."

ಇದು ಕ್ಷಮೆಯೋ, ಕೈ ಖಾಲಿ ಇಲ್ಲದ್ದಕ್ಕೆ ಹೇಳಿದ ಮಾತೋ ವಿದಾದ್‌ಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಗಡಿಯಾರ ನೋಡಿ ಗಂಟೆ ಬರೆದಳು, ಅದರ ಮುಂದೆ ಒದ್ದೆ ಹಗ್ಗ ಎಂದು ಬರೆದಳು, ಮುಂದಿನ ಸಾಲಿಗೆ ಲೇಖನಿ ಊರಿ ಅತ್ತೆಯ ಮೂಗನ್ನೇ ನೋಡುತ್ತಾ ಕೂತಳು.